ಬಟ್ಟೆಯ ಮೇಲಿನ ಹೆಸರು: ಬೀಳ್ಕೊಡುಗೆಯ ಕ್ಯಾನ್ವಾಸ್ ಕುರಿತು ಒಂದು ಮೀಮಾಂಸೆ

ವಿಷಯ

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯಂಥ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರೊಬ್ಬರು ನಿವೃತ್ತರಾಗುತ್ತಾರೆ ಅನ್ನಿ. ಹಳೇ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಬೀಳ್ಕೊಡುಗೆ ಇಟ್ಟುಕೊಳ್ಳುತ್ತಾರೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟಿನೊಳಗೆ ಒಂದು ಬಿನ್ನವತ್ತಳೆ. ಈ ಸಾಲಿಗೆ ಪಟ್ಟಣದ ಪಾರ್ಟಿಗಳ ಕಡೆಯಿಂದ ಇನ್ನೊಂದು ಬಂದು ಸೇರುತ್ತಿದೆ: ಕ್ಯಾನ್ವಾಸ್ ಬಟ್ಟೆಯ ಮೇಲೆ ಮುದ್ರಿಸಿದ ಫೋಟೊ, ಅದರ ಸುತ್ತ ಬಂದವರೆಲ್ಲ ಕೈಯಾರೆ ಬರೆದ ಹೆಸರು. ಊಟ ಮುಗಿದ ಮೇಲೆ ಅದು ಮೇಷ್ಟ್ರ ಮನೆಗೆ ಹೋಗುತ್ತದೆ. ಇದನ್ನು ಮಾಡುವುದು ತಕ್ಕದ್ದೇ, ಮಾಡುವುದಾದರೆ ಹೇಗೆ ಎಂಬುದು ಇಲ್ಲಿನ ವಿಚಾರ.

ಇಷ್ಟಕ್ಕೆಲ್ಲ ಮೀಮಾಂಸೆಯೇ ಎಂದು ನಗುವವರು ನಗಲಿ. ಭತ್ತವನ್ನು ಕುಟ್ಟಿಯೇ ಹೊಟ್ಟು ತೆಗೆಯಬೇಕೋ, ಉಗುರಿನಿಂದ ಸುಲಿದರೆ ಸಾಲದೋ ಎಂದು ಹಿಂದಿನ ಮೀಮಾಂಸಕರು ಪುಟಗಟ್ಟಲೆ ವಾದ ಮಾಡಿದ್ದಾರೆ. ಅವರ ಪದ್ಧತಿಯಲ್ಲಿ ಒಂದು ಅನುಕೂಲ ಉಂಟು. ಯಾವ ಕರ್ಮದಲ್ಲಾದರೂ ಪ್ರಧಾನ ಯಾವುದು, ಅಂಗ ಯಾವುದು ಎಂದು ಮೊದಲು ತೀರ್ಮಾನಿಸುತ್ತಾರೆ. ಎರಡಕ್ಕೂ ಜಗಳ ಬಂದಾಗ ಅಂಗ ಬಿಟ್ಟುಕೊಡಬೇಕು, ಪ್ರಧಾನ ಉಳಿಯಬೇಕು. ನಮ್ಮ ಕ್ಯಾನ್ವಾಸಿಗೆ ಬೇಕಾಗಿರುವುದೂ ಅದೇ ತೀರ್ಮಾನ.

ಸಂಶಯ

ಇಲ್ಲಿ ಪ್ರಧಾನ ಫೋಟೊವೋ, ಹೆಸರುಗಳೋ? ಮಾಡಿಸುವವರು ಬಹುಪಾಲು ಫೋಟೊ ಎಂದೇ ನಂಬಿರುತ್ತಾರೆ. ಬಟ್ಟೆಯ ತುಂಬ ಚಿತ್ರ ಮುದ್ರಿಸಿ, ಅಂಚಿನಲ್ಲಿ ಎರಡು ಬೆರಳಗಲ ಬಿಳಿ ಬಿಟ್ಟು, ‘ಇಲ್ಲಿ ಎಲ್ಲರೂ ಸೈನ್ ಮಾಡಿ’ ಅನ್ನುತ್ತಾರೆ. ನೂರು ಜನ ಆ ಪಟ್ಟಿಯಲ್ಲಿ ಇರುಕಿಕೊಂಡು ಬರೆದು, ಕಡೆಗೆ ಬಂದವರು ಮೇಷ್ಟ್ರ ಅಂಗಿಯ ಮೇಲೆ ಬರೆಯುತ್ತಾರೆ.

ಸಿದ್ಧಾಂತ

ಹೆಸರೇ ಪ್ರಧಾನ, ಚಿತ್ರ ಅಂಗ. ಇದಕ್ಕೆ ಪ್ರಮಾಣ ಹುಡುಕಲು ತಾಲ್ಲೂಕು ದಾಟಬೇಕಾಗಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಮೊಳಕಾಲ್ಮೂರು ತಾಲ್ಲೂಕಿನವೇ. ಅಲ್ಲಿನ ಬಂಡೆಗಳ ಮೇಲಿದ್ದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ನಿಜ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತುಗಳೂ ಅದರಲ್ಲಿವೆ. ಬೀಳ್ಕೊಡುಗೆಯ ಭಾಷಣಕಾರರು ಇದನ್ನು ಇನ್ನೂ ಹೇಗೆ ಬಿಟ್ಟಿದ್ದಾರೋ ತಿಳಿಯದು.

ನನ್ನ ವಾದಕ್ಕೆ ಬೇಕಾದದ್ದು ಆಜ್ಞೆಯಲ್ಲ, ಅದರ ತುದಿಯಲ್ಲಿರುವ ಹೆಸರು. ಬರೆದವನು ಚಪಡ. ಬ್ರಹ್ಮಗಿರಿಯಲ್ಲಿ ಆತ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಗಡಿಯ ಲಿಪಿ, ಬಲದಿಂದ ಎಡಕ್ಕೆ ಹೋಗುತ್ತದೆ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಆಗ ಯಾರಿದ್ದರೋ! ಆದರೂ ಬರೆದ. ಈಗ ತೂಗಿ ನೋಡಿ. ಅದೇ ಆಜ್ಞೆಯ ಮುಖ್ಯಭಾಗ ಮಸ್ಕಿಯಲ್ಲಿದೆ, ಕೊಪ್ಪಳದ ಗವಿಮಠದಲ್ಲಿದೆ, ಪಾಲ್ಕಿಗುಂಡಿನಲ್ಲಿದೆ. ಒಂದು ಕಡೆ ಅಳಿದರೆ ಇನ್ನೊಂದು ಕಡೆ ಓದಿಕೊಳ್ಳಬಹುದು. ಚಪಡನ ಹೆಸರು ಮಾತ್ರ ಈ ತಾಲ್ಲೂಕು ಬಿಟ್ಟರೆ ಬೇರೆಲ್ಲೂ ಇಲ್ಲ. ಚಕ್ರವರ್ತಿಯ ಮಾತಿಗೆ ಪ್ರತಿಗಳಿವೆ, ಬರೆದವನ ಗುರುತಿಗೆ ಇಲ್ಲ.

ಫೋಟೊ ಮತ್ತು ಹೆಸರಿನ ಸಂಬಂಧವೂ ಇದೇ. ಮೇಷ್ಟ್ರ ಫೋಟೊ ನಲವತ್ತು ಫೋನುಗಳಲ್ಲಿದೆ, ಬೇಕಾದಾಗ ಮತ್ತೆ ಮುದ್ರಿಸಬಹುದು. ಏಳನೇ ಬೆಂಚಿನ ಹುಡುಗ ಆ ದಿನ, ಆ ಬಟ್ಟೆಯ ಮೇಲೆ, ಒತ್ತಕ್ಷರ ತಪ್ಪಿ ಮತ್ತೆ ತಿದ್ದಿ ಬರೆದ ಹೆಸರು ಒಂದೇ. ಆದ್ದರಿಂದ ಮೊದಲ ನಿಯಮ: ಚಿತ್ರ ಸಣ್ಣದಾಗಲಿ, ಖಾಲಿ ಜಾಗ ದೊಡ್ಡದಾಗಲಿ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. 20×30 ಇಂಚಿನ ಕ್ಯಾನ್ವಾಸಿನ ನಡುವೆ 12×18 ಇಂಚಿನ ಚಿತ್ರ ಇಟ್ಟರೆ 600 ಚದರ ಇಂಚಿನಲ್ಲಿ 216 ಚಿತ್ರಕ್ಕೆ ಹೋಗಿ 384 ಉಳಿಯುತ್ತದೆ. ಒಬ್ಬರಿಗೆ ಮೂರು ಚದರ ಇಂಚು ಎಂದರೂ ನೂರಿಪ್ಪತ್ತೆಂಟು ಜನ. ಕೆಲವರು ಕೈಬೀಸಿ ಬರೆಯುತ್ತಾರೆ, ಸಂದುಗಳು ಹಾಳಾಗುತ್ತವೆ, ನೂರು ಎಂದಿಟ್ಟುಕೊಳ್ಳಿ. ಬಟ್ಟೆಯನ್ನು ಮರದ ಚೌಕಟ್ಟಿಗೆ ಎಳೆದು ಹಿಂದೆ ಪಿನ್ನು ಹೊಡೆಯಲು ನಾಲ್ಕೂ ಕಡೆ ಮೂರು ಇಂಚಿನಷ್ಟು ಬಟ್ಟೆ ಹೆಚ್ಚಿಗೆ ಬೇಕು. ಅಲ್ಲಿ ಯಾರೂ ಬರೆಯಬಾರದು, ಬರೆದರೆ ಮಡಿಕೆಯೊಳಗೆ ಹೋಗುತ್ತದೆ. ಗೆರೆ ಗೊತ್ತಾಗಲು ಬಣ್ಣ ಬಳಿಯುವವರು ಹಚ್ಚುವ ಕಾಗದದ ಟೇಪು ಅಂಟಿಸಿದರೆ ಆಯಿತು.

ಪೂರ್ವಪಕ್ಷಗಳು

ಬದುಕಿರುವವರ ಫೋಟೊ ದೊಡ್ಡದು ಮಾಡಿಸಿ ಗೋಡೆಗೆ ತೂಗುಹಾಕಬಾರದು, ಅಪಶಕುನ. ಇದು ಮೊದಲ ಆಕ್ಷೇಪ, ಹೇಳುವವರು ಸಾಮಾನ್ಯವಾಗಿ ಮೇಷ್ಟ್ರ ಮನೆಯವರೇ. ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಆಕ್ಷೇಪದ ಹಿಂದೆ ನೋಡಿ ನೋಡಿ ರೂಢಿಯಾದ ಒಂದು ಕಣ್ಣಿದೆ. ನಮ್ಮ ಮನೆಗಳ ನಡುಮನೆಯಲ್ಲಿ ಒಂಟಿ ಮುಖದ ದೊಡ್ಡ ಫೋಟೊ, ಅದಕ್ಕೊಂದು ಹಾರ, ಕೆಳಗೊಂದು ಕೆಂಪು ಬಲ್ಬು ಇದ್ದರೆ ಅವರು ತೀರಿಕೊಂಡ ಹಿರಿಯರು ಎಂದೇ ಅರ್ಥ. ಆ ಸಾಲಿಗೆ ಇವತ್ತು ಶಾಲು ಹೊದ್ದು ಬಂದವರನ್ನು ಸೇರಿಸುವುದು ಯಾರಿಗೆ ತಾನೆ ಹಿತ? ಪೂರ್ವಪಕ್ಷಕ್ಕೆ ಇಲ್ಲಿ ಅರ್ಧ ಗೆಲುವು. ಒಂಟಿ ಮುಖದ ಚಿತ್ರ ಬೇಡ. ಶಾಲೆಯ ಮುಂದೆ ಮಕ್ಕಳ ನಡುವೆ ನಿಂತದ್ದು, ಬೋರ್ಡಿನ ಮೇಲೆ ಬರೆಯುತ್ತಿರುವುದು, ಆಟದ ದಿನ ಸೀಟಿ ಊದುತ್ತಿರುವುದು, ಹೀಗೆ ಕೆಲಸದಲ್ಲಿ ಮುಳುಗಿದ ಚಿತ್ರ ಇರಲಿ. ಚಿತ್ರ ಅಡ್ಡಕ್ಕಿರಲಿ. ಸುತ್ತ ನೂರು ಜನರ ಕೈಬರಹ ಇರುವ ಗೋಡೆಪಟವನ್ನು ಯಾರೂ ಹಿರಿಯರ ಫೋಟೊ ಎಂದು ತಿಳಿಯುವುದಿಲ್ಲ. ಹಾರವನ್ನು ಮಾತ್ರ ಅದಕ್ಕೆ ಹಾಕಲು ಬಿಡಬೇಡಿ. ವೇದಿಕೆ ಮೇಲೆ ಹೂವಿನ ಹಾರ ಮಿಕ್ಕಿದ್ದರೆ ಯಾರಾದರೂ ಹಾಕಿಯೇ ಹಾಕುತ್ತಾರೆ.

ಎರಡನೆಯದು: ಫ್ಲೆಕ್ಸ್ ಅಗ್ಗ, ಅದಕ್ಕೇ ಎಲ್ಲರೂ ಬರೆದರಾಯಿತಲ್ಲ? ಫ್ಲೆಕ್ಸ್ ಪ್ಲಾಸ್ಟಿಕ್. ಕರ್ನಾಟಕದಲ್ಲಿ 2016ರಲ್ಲೇ ಅದನ್ನು ನಿಷೇಧಿಸಿದ್ದಾರೆ, ಆ ಮಾತು ಇರಲಿ. ಕಾರ್ಯಕ್ರಮ ಆದ ಮೂರನೇ ದಿನ ಫ್ಲೆಕ್ಸು ಎಲ್ಲಿರುತ್ತದೆ ಎಂದು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಶೇಂಗಾ ಹೊಟ್ಟಿನ ಬಣವೆಗಳ ಮೇಲೆ ಕೈಮುಗಿದು ನಗುವ ನಾಯಕರನ್ನು ನೋಡುತ್ತಲೇ ಇದ್ದೇವೆ. ನಿಮ್ಮ ಮೇಷ್ಟ್ರೂ ಅಲ್ಲಿ ಮಳೆಗೆ ಹೊದಿಕೆಯಾಗಲಿ ಎಂದಿದ್ದರೆ ಫ್ಲೆಕ್ಸೇ ಸರಿ.

ಮೂರನೆಯದು: ಆ ದುಡ್ಡಿಗೆ ಒಂದು ಉಂಗುರ, ಬೆಳ್ಳಿ ತಟ್ಟೆ ಕೊಡಬಹುದಿತ್ತು, ಬಟ್ಟೆಗೇನು ಬೆಲೆ? ಬೆಲೆಯನ್ನು ನೂಲಿನ ಲೆಕ್ಕದಲ್ಲಿ ಅಳೆಯುವ ಮಾತು ಈ ಸೀಮೆಯಲ್ಲಿ ಆಡಬಾರದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಮುಕ್ತಿ ಬಾವುಟ ಹರಾಜಾಗುತ್ತದೆ, ಒಂದು ಬಟ್ಟೆಗೆ ಲಕ್ಷಗಟ್ಟಲೆ ಕೂಗುತ್ತಾರೆ. ಉಂಗುರ ಬೇಡವೆಂದೇನಿಲ್ಲ. ಕೈಲಾದವರು ಎರಡನ್ನೂ ಕೊಡಲಿ.

ನಾಲ್ಕನೆಯದು ನಿಜವಾಗಿ ಗಟ್ಟಿ. ಬಟ್ಟೆ ಹರಡಿ ಪೆನ್ನು ಮುಂದೆ ಹಿಡಿದರೆ ಊರಿನ ಹಿರಿಯರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ‘ಯಾತಕ್ಕಪ್ಪಾ ಸೈನು? ಲೋನು ಗೀನು ಅಲ್ಲ ತಾನೆ?’ ಖಾಲಿ ಜಾಗಕ್ಕೆ ಸಹಿ ಹಾಕಬೇಡ ಎಂಬುದು ಪಹಣಿ, ಪತ್ತು, ಜಾಮೀನುಗಳಲ್ಲಿ ಕೈಸುಟ್ಟುಕೊಂಡವರು ಮಕ್ಕಳಿಗೆ ಹೇಳಿಕೊಟ್ಟ ಪಾಠ. ಅದನ್ನು ಮರೆಸಲು ಯಾರಿಗೂ ಹಕ್ಕಿಲ್ಲ. ಇದಕ್ಕೆ ಸಮಾಧಾನ: ಬ್ಯಾಂಕಿನ ಸಹಿಯನ್ನು ಕೇಳಲೇಬೇಡಿ. ‘ಹೆಸರು ಬರೀರಿ’ ಅನ್ನಿ. ಬ್ಯಾಂಕಿನಲ್ಲಿ ಕೊಕ್ಕೆ ಕೊಕ್ಕೆಯಾಗಿ ಎಳೆಯುವವರೂ ಇಲ್ಲಿ ಬಿಡಿಸಿ ಬರೆಯಲಿ, ಮನೆಯಲ್ಲಿ ಕರೆಯುವ ಹೆಸರಾದರೂ ಆಗಲಿ, ಮೇಷ್ಟ್ರು ಇಟ್ಟ ಅಡ್ಡಹೆಸರಾದರೆ ಇನ್ನೂ ವಾಸಿ. ವಿಜಯನಗರದ ಅರಸರು ತಾಮ್ರಶಾಸನಗಳ ಕೊನೆಗೆ ಸಹಿಯ ಜಾಗದಲ್ಲಿ ತಮ್ಮ ಹೆಸರು ಬರೆಯದೆ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರದಲ್ಲಿ ಬರೆಸಿದರು. ಊರಿಗೆ ಊರನ್ನೇ ದಾನ ಕೊಡುವಾಗ ನಡೆದದ್ದು ನಮ್ಮ ಪಾರ್ಟಿಗೆ ನಡೆಯದೆ ಇರುತ್ತದೆಯೇ?

ಇದರ ಬೆನ್ನಿಗೇ ಐದನೆಯದು ಬರುತ್ತದೆ. ಬರೆಯಲು ಬಾರದವರ ಗತಿ ಏನು? ಮೇಷ್ಟ್ರಿಗೆ ಮೂವತ್ತು ವರ್ಷ ಮಜ್ಜಿಗೆ ಕಳಿಸಿದ ಅಜ್ಜಿ ಬಂದಿದ್ದಾರೆ, ಅವರ ಗುರುತು ಬೇಡವೇ? ಹೆಬ್ಬೆಟ್ಟು ಒತ್ತಿಸಿದರಾಯಿತು ಎಂದು ಥಟ್ಟನೆ ಹೇಳಬಹುದು. ಗುರುತಿಗೆ ಹೆಬ್ಬೆಟ್ಟಿಗಿಂತ ಗಟ್ಟಿಯಾದದ್ದಿಲ್ಲ ಎಂಬ ವಾದವೂ ಇದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಗುತ್ತಿಗೆದಾರನೊಬ್ಬನ ಅಂಗೈಯನ್ನೇ ಕರಾರಿನ ಮೇಲೆ ಒತ್ತಿಸಿಕೊಂಡ, ಬೆರಳಚ್ಚಿನ ಕಥೆ ಅಲ್ಲಿಂದ ಬೆಳೆಯಿತು. ಆದರೆ ಗಟ್ಟಿಯಾದ್ದರಿಂದಲೇ ಅಪಾಯ. ನೋಂದಣಿ ದಸ್ತಾವೇಜುಗಳಲ್ಲಿದ್ದ ಬೆರಳಚ್ಚಿನ ನಕಲು ತೆಗೆದು, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಖಾತೆಯಿಂದ ದುಡ್ಡು ಎಗರಿಸಿದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲೇ ಬೆಳಕಿಗೆ ಬಂದವು. ಪಿಂಚಣಿ, ಪಡಿತರ ಎರಡೂ ಬೆರಳಿನ ಮೇಲೆ ನಿಂತಿರುವ ಅಜ್ಜಿಯ ಗೆರೆಗಳನ್ನು ಸ್ಪಷ್ಟವಾಗಿ ಮೂಡಿಸಿ, ಅದರ ಫೋಟೊ ತೆಗೆದು ಗ್ರೂಪಿಗೆ ಹಾಕುವುದು ಪ್ರೀತಿಯಲ್ಲ, ಬೇಜವಾಬ್ದಾರಿ. ಆದ್ದರಿಂದ ಸ್ಟ್ಯಾಂಪ್ ಪ್ಯಾಡಿನ ಶಾಯಿ ಬೇಡ. ಬೆರಳ ತುದಿಗೆ ಅಕ್ರಿಲಿಕ್ ಬಣ್ಣ ದಪ್ಪಗೆ ಹಚ್ಚಿ ಒಂದು ಬೊಟ್ಟು ಇಡಿಸಿ. ಬಣ್ಣ ದಪ್ಪವಿದ್ದು ಬಟ್ಟೆಯ ನೇಯ್ಗೆಯೂ ಒರಟಾದರೆ ಗೆರೆ ಸ್ಪಷ್ಟವಾಗಿ ಮೂಡುವುದಿಲ್ಲ, ಬೊಟ್ಟು ಮೂಡುತ್ತದೆ. ಪಕ್ಕದಲ್ಲಿ ಮೊಮ್ಮಗಳು ‘ತಿಪ್ಪಮ್ಮಜ್ಜಿ’ ಎಂದು ಬರೆಯಲಿ. ದಿನಾ ಮುಂಜಾನೆ ಬಾಗಿಲಲ್ಲಿ ಚುಕ್ಕಿ ಇಡುವ ಕೈಗೆ ಇದನ್ನು ಕಲಿಸಬೇಕಾಗಿಲ್ಲ.

ಆರನೆಯದು ದೊಡ್ಡವರದು. ಮೊದಲು ಬರೆಯುವವರು ಯಾರು? ಮುಖ್ಯ ಅತಿಥಿಗಳು ಬರುವುದು ಎರಡು ಗಂಟೆ ತಡವಾಗಿ, ಬಂದವರೇ ನಟ್ಟನಡುವೆ ಅಂಗೈಯಗಲ ಸಹಿ ಜಡಿದು ಹೋಗುತ್ತಾರೆ. ಅವರಿಗೆ ಕೆಳಗಿನ ಬಲಮೂಲೆಯನ್ನು ಮೊದಲೇ ಗುರುತು ಹಾಕಿ ಮೀಸಲಿಡಿ, ‘ಸಾರ್, ನಿಮಗೇ ಅಂತ ಬಿಟ್ಟಿದ್ದೀವಿ’ ಅನ್ನಿ. ಮಕ್ಕಳು ಮೊದಲು ಬರೆಯಲಿ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೊರೆದದ್ದು ತಾನು ಕಡೆದ ವಿಗ್ರಹದ ಕೆಳಗೆ, ಗರ್ಭಗುಡಿಯ ಬಾಗಿಲ ಮೇಲಲ್ಲ. ಕಟ್ಟಿಸಿದ ದಂಡನಾಯಕನ ಮಾತು ಶಾಸನದಲ್ಲಿ ಬೇರೆ ಇದ್ದೇ ಇದೆ. ಇಬ್ಬರಿಗೂ ಜಾಗ ಉಂಟು, ಒಂದೇ ಜಾಗ ಅಲ್ಲ.

ಏಳನೆಯದು: ನಾಲ್ಕು ವರ್ಷಕ್ಕೆ ಬರಹ ಮಾಸುತ್ತದೆ, ಆಗ ಬಿಳಿ ಬಟ್ಟೆ ಉಳಿಯುತ್ತದೆ. ಇದಕ್ಕೆ ಬರಿಯ ಮಾತಿನ ಉತ್ತರ ಸಾಲದು.

ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಚಪಡ ಬರೆದ ಬಂಡೆಗೆ ಬಳೆಗಾರನ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆ ಅಂಗಡಿಗಳು ಕೂರುತ್ತಿದ್ದ ಜಾಗ. ಅಲ್ಲಿನ ಅಕ್ಷರ ತೀರಾ ಸವೆದಿದೆ, ಹೋಲಿಸಿದರೆ ಬ್ರಹ್ಮಗಿರಿಯದು ಎಷ್ಟೋ ವಾಸಿ. ಕಾಲ ಅದೇ, ಬರೆದ ಕೈಯೂ ಅದೇ, ಬರೆದ ಮೈ ಮತ್ತು ಅದರ ಬಳಕೆ ಬೇರೆ. ಬಟ್ಟೆಗೂ ಈ ವಿವೇಚನೆ ಬೇಕು.

ಮುದ್ರಣದ ಕ್ಯಾನ್ವಾಸು ಹತ್ತಿ, ಪಾಲಿಯೆಸ್ಟರ್ ಅಥವಾ ಎರಡೂ ಬೆರೆತ ಬಟ್ಟೆ. ಮೇಲೆ ಶಾಯಿ ಹಿಡಿಯುವ ಒಂದು ಲೇಪ ಇರುತ್ತದೆ. ಚಳ್ಳಕೆರೆ ಕಡೆಯ ಕಂಬಳಿಗೆ ಹುಣಸೆ ಬೀಜದ ಗಂಜಿ ಕುಡಿಸಿ ಬಿರುಸು ಮಾಡುವುದನ್ನು ನೋಡಿದವರಿಗೆ ಲೇಪದ ಕೆಲಸ ಬೇಗ ಅರ್ಥವಾಗುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಪಿಗ್ಮೆಂಟ್ ಶಾಯಿಯೋ, ಡೈ ಶಾಯಿಯೋ? ಡೈ ಎಂದರೆ ಕರಗಿದ ಬಣ್ಣ, ಬೆಳಕಿಗೆ ಬೇಗ ಸೋಲುತ್ತದೆ. ಪಿಗ್ಮೆಂಟ್ ಎಂದರೆ ಪುಡಿಯ ಕಣ, ತಾಳುತ್ತದೆ. ಬರೆಯುವ ಪೆನ್ನಿಗೂ ಇದೇ ಮಾತು. ಕಿರಾಣಿ ಅಂಗಡಿಯಲ್ಲಿ ಮೂಟೆಯ ಮೇಲೆ ಹೆಸರು ಬರೆಯುವ ಪರ್ಮನೆಂಟ್ ಮಾರ್ಕರಿನಲ್ಲಿ ಸಾಮಾನ್ಯವಾಗಿ ಇರುವುದು ಡೈ. ಪರ್ಮನೆಂಟ್ ಎಂಬುದು ನೀರಿಗೆ ಕೊಟ್ಟ ಮಾತು, ಬಿಸಿಲಿಗೆ ಕೊಟ್ಟದ್ದಲ್ಲ. ಕ್ಯಾನ್ವಾಸಿನ ಲೇಪದ ಮೇಲೆ ಅದು ಹರಡುತ್ತದೆ, ಕಾಲ ಕಳೆದಂತೆ ಅಕ್ಷರದ ಸುತ್ತ ಕಂದು ನೆರಳು ಬಿಡುತ್ತದೆ. ಜೆಲ್ ಪೆನ್ನಿನ ಶಾಯಿ ಬೇಗ ಒಣಗುವುದಿಲ್ಲ, ಅಂಗೈ ತಾಗಿದರೆ ಪಕ್ಕದವರ ಹೆಸರಿಗೆ ಮೆತ್ತಿಕೊಳ್ಳುತ್ತದೆ. ಬಾಲ್‌ಪೆನ್ನು ಬಟ್ಟೆಯನ್ನು ಕುಳಿ ಮಾಡುತ್ತದೆ. ಪಿಗ್ಮೆಂಟ್ ಶಾಯಿಯ ಪೆನ್ನು ಇಲ್ಲವೇ ಅಕ್ರಿಲಿಕ್ ಬಣ್ಣದ ಪೆನ್ನು ತನ್ನಿ. ತುದಿ ಸುಮಾರು ಒಂದು ಮಿಲಿಮೀಟರ್ ಇರಲಿ, ಇನ್ನೂ ಸಣ್ಣದಾದರೆ ನೇಯ್ಗೆಯ ಎಳೆಗೆ ಸಿಕ್ಕಿ ನಿಲ್ಲುತ್ತದೆ. ಐದಾರು ಪೆನ್ನು ಒಂದೇ ಬಣ್ಣದವು ಸಾಕು. ಬಣ್ಣ ಬಣ್ಣದವು ಇಟ್ಟರೆ ಹುಡುಗರು ಪೆನ್ನಿಗೆ ಜಗಳ ಆಡುತ್ತಾರೆ. ಏಪ್ರಿಲ್, ಮೇ ಬಿಸಿಲಲ್ಲಿ ಮುಚ್ಚಳ ತೆಗೆದಿಟ್ಟ ಪೆನ್ನು ಭಾಷಣ ಮುಗಿಯುವಷ್ಟರಲ್ಲಿ ಸತ್ತಿರುತ್ತದೆ, ಮುಚ್ಚಳ ಕಾಯಲು ಒಬ್ಬ ಹುಡುಗಿಯನ್ನು ನಿಲ್ಲಿಸಿ.

ಚೌಕಟ್ಟಿಗೆ ಎಳೆಯುವ ಮೊದಲು, ಬಟ್ಟೆಯನ್ನು ಮೇಜಿನ ಮೇಲೆ ಚಪ್ಪಟೆ ಹರಡಿ ಬರೆಸುವುದು ಉತ್ತಮ. ಚೌಕಟ್ಟು ಹಾಕಿಯೇ ಬಂದಿದ್ದರೆ ಹಿಂದಿನ ಪೊಳ್ಳಿಗೆ ಹೊಂದುವ ಹಲಗೆ ಅಥವಾ ದಪ್ಪ ಪುಸ್ತಕಗಳನ್ನು ಕೊಡಿ, ಇಲ್ಲವಾದರೆ ಬಟ್ಟೆ ಜೋಲುತ್ತದೆ. ಒಂದು ಹಗಲು ಒಂದು ರಾತ್ರಿ ಒಣಗಿಸಿ. ವಾರ್ನಿಷ್ ಬೇಕಿದ್ದರೆ ಬ್ರಷ್ಷಿನಲ್ಲಿ ಎಂದೂ ಬೇಡ, ಸ್ಪ್ರೇಯಲ್ಲಿ, ತೆಳ್ಳಗೆ, ಎರಡು ಮೂರು ಸಲ. ಅದಕ್ಕೂ ಮೊದಲು ಹೆಚ್ಚಿಗೆ ಬಿಟ್ಟ ಅಂಚಿನ ಮೇಲೆ ಅದೇ ಪೆನ್ನಿನಿಂದ ಗೀಚಿ ಅದೇ ಸ್ಪ್ರೇ ಹೊಡೆದು ನೋಡಿ. ಶಾಯಿ ಕದಡಿದರೆ ವಾರ್ನಿಷ್ ಬಿಟ್ಟುಬಿಡಿ, ಹೆಸರು ಉಳಿಯಲಿ. ಪ್ರಧಾನಕ್ಕೆ ಅಡ್ಡ ಬಂದ ಅಂಗ ಅದು.

ಚಿತ್ರದ ವಿಚಾರ ಬೇಗ ಮುಗಿಸಬಹುದು. ಇಂಚಿಗೆ 150 ಚುಕ್ಕಿ ಇದ್ದರೆ ಕ್ಯಾನ್ವಾಸಿಗೆ ಸಾಕು, 12×18 ಇಂಚಿಗೆ 1800×2700 ಪಿಕ್ಸೆಲ್. ಇಂದಿನ ಸಾಧಾರಣ ಫೋನಿನಲ್ಲೂ ಇದಕ್ಕಿಂತ ಹೆಚ್ಚೇ ಇರುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಎಂಟನೆಯದು, ಇಪ್ಪತ್ತು ವರ್ಷದ ಮೇಲೆ ಯಾರು ಯಾರೆಂದು ಯಾರಿಗೆ ಗೊತ್ತಾಗುತ್ತದೆ? ಇದು ನಮ್ಮ ಕಡೆಗೆ ವಿಶೇಷವಾಗಿ ತಗಲುವ ಆಕ್ಷೇಪ. ತಿಪ್ಪೇರುದ್ರಸ್ವಾಮಿಯ ಸೀಮೆ, ಒಂದೇ ತರಗತಿಯಲ್ಲಿ ಮೂರು ನಾಲ್ಕು ಜನ ತಿಪ್ಪೇಸ್ವಾಮಿಗಳು ಇದ್ದೇ ಇರುತ್ತಾರೆ, ಓಬಳೇಶರು, ಮಂಜುನಾಥರು ಬೇರೆ. ಹಳೇ ಗ್ರೂಪ್ ಫೋಟೊಗಳ ರಟ್ಟಿನ ಮೇಲೆ ‘ಕುಳಿತವರು ಎಡದಿಂದ ಬಲಕ್ಕೆ’ ಎಂದು ಅಚ್ಚು ಹಾಕಿಸುತ್ತಿದ್ದವರು ಜಾಣರು. ಹೆಸರಿನೊಡನೆ ತಂದೆಯ ಇನಿಷಿಯಲ್, ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಬರೆಸಿ. ‘ಟಿ. ತಿಪ್ಪೇಸ್ವಾಮಿ, 1998’ ಎಂದರೆ ಆಯಿತು. ಹಿಂಬದಿಯ ಮರದ ಪಟ್ಟಿಗೆ ಊರು, ಶಾಲೆ, ದಿನಾಂಕ ಪೆನ್ಸಿಲಿನಲ್ಲಿ. ಯಾವ ಲಿಪಿ ಎಂಬ ಕಟ್ಟುಪಾಡು ಬೇಡ. ಆಂಧ್ರದ ಗಡಿಗೆ ತಾಗಿದ ತಾಲ್ಲೂಕು ಇದು. ರಾಯದುರ್ಗದ ಕಡೆಗೆ ಕೊಟ್ಟ ಹೆಣ್ಣುಮಗಳು ತೆಲುಗಿನಲ್ಲಿ ಬರೆದರೆ, ಇನ್ನೊಬ್ಬ ಉರ್ದುವಿನಲ್ಲಿ ಬರೆದರೆ ಯಾರೂ ತಕರಾರು ಮಾಡಬಾರದು. ಚಪಡ ಖರೋಷ್ಠಿಯಲ್ಲಿ ಬರೆದ ಸೀಮೆಯವರು ನಾವು.

ಒಂಬತ್ತನೆಯದು ದಿನಾಂಕದ್ದು, ಆಕ್ಷೇಪಕ್ಕಿಂತ ಸಂಕಟ. ದಾಖಲೆಯಲ್ಲಿ ಜೂನ್ 1ರಂದು ಹುಟ್ಟಿದ ಮೇಷ್ಟ್ರುಗಳು ರಾಜ್ಯದ ತುಂಬ ಇದ್ದಾರೆ, ಶಾಲೆಗೆ ಸೇರಿಸಿದವರು ಬರೆಸಿದ ದಿನ ಅದು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರರು ಹಿಂದಿನ ತಿಂಗಳ ಕಡೇ ದಿನವೇ ನಿವೃತ್ತರಾಗುತ್ತಾರೆ. ಅಂದರೆ ಅರವತ್ತು ತುಂಬುವ ಹೊತ್ತಿಗೆ ಮೇ 31. ಹತ್ತನೇ ತರಗತಿಯವರು ಆಗಲೇ ಪರೀಕ್ಷೆ ಬರೆದು ಚದುರಿರುತ್ತಾರೆ, ಉಳಿದ ಮಕ್ಕಳು ಅಜ್ಜಿಯ ಊರಿಂದ ಇನ್ನೂ ಬಂದಿರುವುದಿಲ್ಲ. ಕಡೇ ವರ್ಷ ಕಲಿತ ಮಕ್ಕಳ ಹೆಸರೇ ಇಲ್ಲದ ಕ್ಯಾನ್ವಾಸು ತಯಾರಾಗುತ್ತದೆ. ಆದ್ದರಿಂದ ಬಟ್ಟೆಯನ್ನು ಮಾರ್ಚ್ ಹೊತ್ತಿಗೇ ಮುದ್ರಿಸಿ ತಂದು, ಪರೀಕ್ಷೆಗೆ ಮುಂಚಿನ ಬೀಳ್ಕೊಡುಗೆಯ ದಿನ ಹತ್ತನೇ ತರಗತಿಯವರಿಂದ ಬರೆಸಿಡಬೇಕು. ಮೇಷ್ಟ್ರಿಗೆ ಗೊತ್ತಾಗದಂತೆ ಮಾಡಬೇಕೆಂಬ ಹಟ ಹಿಡಿಯಬೇಡಿ. ಹಳ್ಳಿ ಶಾಲೆಯಲ್ಲಿ ಅದು ಆಗದ ಮಾತು.

ಕಡೆಯದು ನಿವೃತ್ತರಾದ ಮೇಲಿನ ಆಕ್ಷೇಪ. ಮೇಷ್ಟ್ರು ಮಗಳ ಮನೆಗೆ ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿನ ಎರಡು ಕೋಣೆಯ ಫ್ಲಾಟಿನಲ್ಲಿ ಮೂವತ್ತು ಇಂಚಿನ ಪಟಕ್ಕೆ ಗೋಡೆ ಎಲ್ಲಿ? ಗಾಜಿನ ಬಿನ್ನವತ್ತಳೆಗೆ ಇಲ್ಲದ ಒಂದು ಸೌಕರ್ಯ ಬಟ್ಟೆಗಿದೆ. ಹಿಂದಿನ ಪಿನ್ನುಗಳನ್ನು ಬಿಡಿಸಿ, ಬರೆದ ಮಗ್ಗಲು ಹೊರಗೆ ಬರುವಂತೆ ದಪ್ಪ ರಟ್ಟಿನ ಕೊಳವೆಗೆ ಸುತ್ತಿಡಬಹುದು. ಒಳಮುಖವಾಗಿ ಸುತ್ತಿದರೆ ಲೇಪ ಒತ್ತಿಕೊಂಡು ಬಿರುಕು ಬಿಡುತ್ತದೆ, ಮಡಿಚಿದರಂತೂ ಮಡಿಕೆಯ ಮೇಲಿದ್ದವರ ಹೆಸರೆಲ್ಲ ಹೋಯಿತು. ರೇಷ್ಮೆ ಸೀರೆ ನೇಯುವ ಮೊಳಕಾಲ್ಮೂರಿನವರಿಗೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಡಬಾರದೆಂದು ಗೊತ್ತಿದೆ. ಸುತ್ತಿದ ಕೊಳವೆಯನ್ನು ಹಳೇ ಹತ್ತಿ ಪಂಚೆಯಲ್ಲಿ ಕಟ್ಟಿ ಬೀರುವಿನ ಮೇಲೆ ಅಡ್ಡಲಾಗಿ ಮಲಗಿಸಿ. ನಿಲ್ಲಿಸಿದರೆ ಬುಡದ ಅಂಚು ನಲುಗುತ್ತದೆ.